ವೇಷ ಕಳಚಿದ ಗಾಯಕ

ಕಳೆದ ಬೇಸಗೆಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದನು. ಲೋಕಾಭಿರಾಮವಾಗಿ ಮಾತನಾಡುತ್ತಿದ್ದವನು, “ಮೇಷ್ಟ್ರೇ, ಒಂದು ಇಂಗ್ಲಿಷ್ ಹಾಡು ಕೇಳಿಸುತ್ತೇನೆ; ಎಷ್ಟು ಎಣಿಕೆಗೆ ತಿರುಗುತ್ತದೆಂದು ಹೇಳಿ” ಎಂದನು. ಮೂವತ್ತು ವರ್ಷ ಛಂದಸ್ಸನ್ನು ಪಾಠ ಹೇಳಿದವನು ಇಂಥ ಪಂಥಕ್ಕೆ ಹಿಂಜರಿಯಬಹುದೇ? ಬೆರಳು ಮಡಿಸುತ್ತ ಕುಳಿತೆ. ನಾಲ್ಕಕ್ಕೆ ತಿರುಗೀತೆಂದು ಕಾದೆ, ತಿರುಗಲಿಲ್ಲ. ಏಳಕ್ಕೆ ಬಂದು ತಿರುಗಿತು. “ಏಳು” ಎಂದೆ. “ಭಾಮಿನಿ ಷಟ್ಪದಿ ಕಲಿಸಿದವರಿಗೆ ಸಿಕ್ಕೇ ಸಿಗುತ್ತದೆಂದು ನನಗೆ ಗೊತ್ತಿತ್ತು” ಎಂದು ಅವನು ನಕ್ಕನು.

ಹುಡುಗನ ಮಾತು ಸುಳ್ಳಲ್ಲ. ಮೂರು ಮಾತ್ರೆ, ನಾಲ್ಕು ಮಾತ್ರೆಗಳ ಗಣಗಳು ಒಂದಾದ ಮೇಲೊಂದು ಬರುವ ಭಾಮಿನಿಯ ನಡೆಯೂ ಏಳರದೇ. ಪಾಶ್ಚಾತ್ಯರ ಜನಪ್ರಿಯ ಸಂಗೀತವಾದರೋ ಬಹುಮಟ್ಟಿಗೆ ನಾಲ್ಕರ ಎಣಿಕೆಯಲ್ಲಿ ಸಾಗುವಂಥದು. ಈ ಹಾಡು ಮಾತ್ರ ಒಂದು ಹೆಜ್ಜೆ ಮುಂಚೆಯೇ ಎತ್ತಿಟ್ಟಂತೆ, ಕಾತರದಿಂದ ಓಡುತ್ತದೆ. ಅದರ ಹೆಸರು ‘ಸಾಲ್ಸ್‌ಬರಿ ಹಿಲ್’. ಇಂಗ್ಲೆಂಡಿನ ಬಾತ್ ನಗರದ ಬಳಿಯ ಒಂದು ಗುಡ್ಡದ ಹೆಸರದು. ಹಾಡಿದವರು ಪೀಟರ್ ಗೇಬ್ರಿಯಲ್. ಹೊರಬಂದುದು ೧೯೭೭ರಲ್ಲಿ. ಅಂದಿನಿಂದ ಒಂದು ವರ್ಷ, ಸಂಜೆಯ ಬಿಡುವಿನಲ್ಲಿ, ಈ ಗಾಯಕರ ಧ್ವನಿಮುದ್ರಿಕೆಗಳನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಕೇಳಿದೆ. ಅವರ ಕಚೇರಿಗಳ ಚಿತ್ರಗಳನ್ನು ನೋಡಿದೆ. ನನಗೆ ಕಂಡುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಹಿನ್ನೆಲೆಯನ್ನು ಹೇಳಬೇಕು. ೧೯೬೦ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ತರುಣರಿಗೆ ಮೂರು ನಿಮಿಷದ ಪ್ರೇಮಗೀತೆ ಸಾಲದೆನಿಸಿತು. ಒಂದು ಕಥೆ, ಹಲವು ಲಯ, ಹಲವು ರಸಗಳನ್ನು ಹೆಣೆದು ಇಪ್ಪತ್ತು ನಿಮಿಷವಾದರೂ ಮುಗಿಯದ ದೀರ್ಘ ರಚನೆಗಳನ್ನು ಅವರು ಕಟ್ಟತೊಡಗಿದರು. ಇದನ್ನೇ ಪ್ರೋಗ್ರೆಸಿವ್ ರಾಕ್ ಎಂದು ಕರೆದರು. ಚಾರ್ಟರ್‌ಹೌಸ್ ಎಂಬ ಶಾಲೆಯಲ್ಲಿ ಓದುತ್ತಿದ್ದ ಹುಡುಗರು ೧೯೬೭ರಲ್ಲಿ ಕಟ್ಟಿದ ‘ಜೆನೆಸಿಸ್’ ಇಂಥ ಮೇಳಗಳಲ್ಲಿ ಹೆಸರಾದುದು. ಅದರ ಮುಖ್ಯ ಗಾಯಕರೂ ಕೊಳಲುವಾದಕರೂ ೧೯೫೦ರಲ್ಲಿ ಹುಟ್ಟಿದ ಗೇಬ್ರಿಯಲ್ಲರು.

ಸ್ವಭಾವತಃ ಇವರು ಸಂಕೋಚದವರು. ಹಾಡಿಗೂ ಹಾಡಿಗೂ ನಡುವೆ ವಾದ್ಯಗಳ ಶ್ರುತಿ ಸರಿಪಡಿಸುವವರೆಗೆ ಸುಮ್ಮನೆ ನಿಲ್ಲಲಾರದೆ ವಿಚಿತ್ರ ಕಥೆಗಳನ್ನು ಹೇಳುತ್ತಿದ್ದರು. ೧೯೭೨ರಲ್ಲಿ ಡಬ್ಲಿನ್ ನಗರದ ರಂಗದ ಮೇಲೆ ಹೆಂಡತಿಯ ಕೆಂಪು ಉಡುಪನ್ನು ತೊಟ್ಟು, ನರಿಯ ತಲೆಯನ್ನು ಧರಿಸಿ ಬಂದು ನೋಡುವವರನ್ನು ಬೆಚ್ಚಿಬೀಳಿಸಿದರು. ಮುಂದೆ ಹೂವಿನ ತಲೆ, ಮುದುಕನ ಮುಖವಾಡ, ಮೈತುಂಬ ಗಂಟುಗಳಿರುವ ವಿಕಾರ ರೂಪ, ಹೀಗೆ ವೇಷದ ಮೇಲೆ ವೇಷ. ಜನ ಮುಗಿಬಿದ್ದರು. ಆದರೆ ವೇಷ ಬೆಳೆದಂತೆ ಒಳಗಿನ ಮನುಷ್ಯನಿಗೆ ಉಸಿರುಗಟ್ಟತೊಡಗಿತು. ೧೯೭೪ರಲ್ಲಿ ಚೊಚ್ಚಲ ಮಗಳು ಹುಟ್ಟಿದಾಗ ಹೆರಿಗೆ ಕಷ್ಟದ್ದಾಯಿತು. ಕೂಸು ಉಳಿಯುವುದೋ ಇಲ್ಲವೋ ಎಂಬ ಆತಂಕ. ಮನೆಗೂ ಮೇಳಕ್ಕೂ ನಡುವೆ ತಂದೆಯ ಮನಸ್ಸು ಇಬ್ಭಾಗವಾಯಿತು. ಕೀರ್ತಿ ಏರುತ್ತಿದ್ದ ೧೯೭೫ರಲ್ಲೇ ಗೇಬ್ರಿಯಲ್ ಮೇಳವನ್ನು ಬಿಟ್ಟರು. ‘ಸಾಲ್ಸ್‌ಬರಿ ಹಿಲ್’ ಹಾಡಿನ ಒಡಲಲ್ಲಿರುವುದು ಈ ಬಿಡುಗಡೆಯೇ. ಅದರ ಕಾತರದ ನಡೆಗೆ ಕಾರಣ ಆಮೇಲೆ ನನಗೆ ತಿಳಿಯಿತು.

ಒಂಟಿಯಾಗಿ ಹೊರಟವರು ತಮ್ಮ ಮುದ್ರಿಕೆಗಳಿಗೆ ಹೆಸರನ್ನೇ ಇಡಲಿಲ್ಲ! ೧೯೭೭, ೧೯೭೮, ೧೯೮೦, ೧೯೮೨, ಈ ನಾಲ್ಕು ವರ್ಷಗಳಲ್ಲಿ ಬಂದ ನಾಲ್ಕಕ್ಕೂ ‘ಪೀಟರ್ ಗೇಬ್ರಿಯಲ್’ ಎಂದೇ ಹೆಸರು. ಮಾಸಪತ್ರಿಕೆಯ ಸಂಚಿಕೆಗಳಂತೆ ಇವೂ ಇರಲಿ ಎಂಬುದು ಅವರ ಆಶಯ. ಗುರುತು ಹಿಡಿಯಲಾರದೆ ಅಭಿಮಾನಿಗಳೇ ಹೊದಿಕೆಯ ಚಿತ್ರವನ್ನು ನೋಡಿ ಮೊದಲನೆಯದನ್ನು ‘ಕಾರು’, ಎರಡನೆಯದನ್ನು ‘ಗೀರು’, ಮೂರನೆಯದನ್ನು ‘ಕರಗು’ ಎಂಬರ್ಥದ ಹೆಸರುಗಳಿಂದ ಕರೆದರು.

ಈ ನಾಲ್ಕರಲ್ಲಿ ಮೂರನೆಯದು ಮೇರುಕೃತಿ. ಡ್ರಮ್ ಬಾರಿಸುವವರು ಸಿಂಬಲ್ ಎಂಬ ಕಂಚಿನ ತಟ್ಟೆಗಳನ್ನು ಮುಟ್ಟಲೇಕೂಡದೆಂದು ಗೇಬ್ರಿಯಲ್ ವಿಧಿಸಿದರು. ಝಣಝಣ ನಾದ ಹೋದಮೇಲೆ ಉಳಿದುದು ಚರ್ಮವಾದ್ಯದ ಗಂಭೀರ ಘಾತ. ಅದಕ್ಕೆ ಇನ್ನೊಂದು ಉಪಾಯವೂ ಸೇರಿತು. ಕಲ್ಲಿನ ಮಂಟಪದಲ್ಲಿ ಚಪ್ಪಾಳೆ ತಟ್ಟಿದರೆ ಮಾರ್ದನಿ ಮೆಲ್ಲಮೆಲ್ಲನೆ ಕರಗುವುದಷ್ಟೆ? ಆ ಮಾರ್ದನಿ ಎದ್ದೊಡನೆ ಬಾಗಿಲು ಹಾಕಿದಂತೆ ಅದನ್ನು ಯಂತ್ರದಿಂದ ಥಟ್ಟನೆ ಕತ್ತರಿಸಿದರು. ‘ಇನ್‌ಟ್ರೂಡರ್’ ಎಂಬ ಹಾಡಿನಲ್ಲಿ ಈ ಸದ್ದು ಎದೆಗೇ ಬಡಿಯುತ್ತದೆ. ಅದನ್ನು ಬಾರಿಸಿದವರು ಫಿಲ್ ಕಾಲಿನ್ಸ್. ಗೇಬ್ರಿಯಲ್ ಬಿಟ್ಟ ಜಾಗದಲ್ಲಿ ಜೆನೆಸಿಸ್ ಮೇಳದ ಗಾಯಕರಾದವರೇ ಇವರು. ಹಳೆಯ ಗೆಳೆತನಕ್ಕೆ ಕುಂದು ಬಂದಿರಲಿಲ್ಲ.

ಅದೇ ಮುದ್ರಿಕೆಯ ಕೊನೆಯ ಹಾಡು ‘ಬೀಕೋ’. ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯ ವಿರುದ್ಧ ಹೋರಾಡಿದ ಸ್ಟೀವ್ ಬೀಕೋ ಎಂಬ ತರುಣ ನಾಯಕರು ೧೯೭೭ರ ಸೆಪ್ಟೆಂಬರಿನಲ್ಲಿ ಪೊಲೀಸರ ಬಂಧನದಲ್ಲಿಯೇ ಅಸುನೀಗಿದರು. ಆ ಸಾವಿನ ಶೋಕಗೀತೆಯಿದು. ಮುಖವಾಡದ ಹಿಂದೆ ಅಡಗಿದ್ದ ಗಾಯಕರು ಇಲ್ಲಿ ಮತ್ತೊಬ್ಬರ ನೋವಿಗೆ ಬಾಯಾಗಿ ಎದುರಿಗೆ ನಿಂತರು.

ಬೇರೆ ನಾಡುಗಳ ಸಂಗೀತದ ಕಡೆಗೆ ಅವರ ಕಿವಿ ತೆರೆಯಿತು. ೧೯೮೨ರಲ್ಲಿ ದೇಶದೇಶಗಳ ಕಲಾವಿದರನ್ನು ಕೂಡಿಸಿ ‘ವೋಮಾಡ್’ ಎಂಬ ಸಂಗೀತೋತ್ಸವವನ್ನು ನಡೆಸಿದಾಗ ಸಂಗೀತ ಗೆದ್ದಿತು, ಲೆಕ್ಕ ಸೋತಿತು. ತಲೆಯ ಮೇಲೆ ಸಾಲ ಬಿದ್ದಿತು. ಆಗ ನೆರವಿಗೆ ಬಂದವರು ಯಾರು? ಅವರು ಬಿಟ್ಟುಹೋಗಿದ್ದ ಜೆನೆಸಿಸ್ ಮೇಳದವರೇ! ಅದೇ ವರ್ಷ ಅಕ್ಟೋಬರ್ ೨ರಂದು ಮಿಲ್ಟನ್ ಕೀನ್ಸ್ ಊರಿನ ಬಯಲಿನಲ್ಲಿ, ಸುರಿಯುವ ಮಳೆಯಲ್ಲಿ, ಅವರೆಲ್ಲರೂ ಕೂಡಿ ಹಾಡಿ ಆ ಸಾಲಕ್ಕೆ ಹಣ ಕೂಡಿಸಿಕೊಟ್ಟರು. ೧೯೮೬ರ ‘ಸೋ’ ಮುದ್ರಿಕೆಯಿಂದ ಲೋಕವಿಖ್ಯಾತಿ ಬಂದಿತು. ಅದರ ‘ಸ್ಲೆಡ್ಜ್‌ಹ್ಯಾಮರ್’ ಅಮೆರಿಕದಲ್ಲಿ ಮೊದಲನೆಯ ಸ್ಥಾನಕ್ಕೇರಿದಾಗ ಕೆಳಗಿಳಿದ ಹಾಡು ಜೆನೆಸಿಸ್ ಮೇಳದ್ದೇ ಆಗಿದ್ದುದು ಕಾಲದ ವಿನೋದ. ೧೯೮೯ರ ‘ಪ್ಯಾಷನ್’ ಮುದ್ರಿಕೆಯಲ್ಲಿ ನಮ್ಮ ಕರ್ನಾಟಕ ಸಂಗೀತದ ಪಿಟೀಲು ವಿದ್ವಾಂಸರಾದ ಎಲ್. ಶಂಕರ್ ಅವರ ಜೋಡಿ ಪಿಟೀಲೂ, ನುಸ್ರತ್ ಫತೇ ಅಲಿ ಖಾನರ ಕಂಠವೂ ಕೇಳಿಬರುತ್ತವೆ. ನಮ್ಮ ಕಿವಿಗೆ ಪ್ರವೇಶದ್ವಾರ ಬೇಕಾದರೆ ಇದೇ ತಕ್ಕುದು.

ಇನ್ನು ಕಚೇರಿಗಳ ಮಾತು. ವೇಷ ಹೋದಮೇಲೆ ರಂಗದಲ್ಲಿ ಏನು ಉಳಿಯಿತು? ಶ್ರೋತೃಗಳ ಮೇಲಿನ ನಂಬಿಕೆ. ಒಂದು ಹಾಡಿನಲ್ಲಿ ಅವರು ಜನರಿಗೆ ಬೆನ್ನು ಮಾಡಿ, ಕೈಚಾಚಿ, ರಂಗದ ಅಂಚಿನಿಂದ ಹಿಂದಕ್ಕೆ ಬೀಳುತ್ತಿದ್ದರು. ಜನ ತಮ್ಮ ಕೈಗಳ ಮೇಲೆ ಅವರನ್ನು ಹೊತ್ತು ಸಾಗಿಸುತ್ತಿದ್ದರು. ೧೯೯೩ರ ಯಾತ್ರೆಯಲ್ಲಿ ಚೌಕದ ರಂಗವೊಂದು, ದುಂಡು ರಂಗವೊಂದು, ನಡುವೆ ಚಲಿಸುವ ಹಾದಿ. ಮೊದಲ ಹಾಡಿಗೆ ಅವರು ಟೆಲಿಫೋನ್ ಪೆಟ್ಟಿಗೆಯೊಳಗಿಂದ ಹೊರಬಂದು, ಫೋನಿನ ತಂತಿಯನ್ನು ಜಗ್ಗುತ್ತ ಮುಂದೆ ಬರಲು ಹೆಣಗುತ್ತಾರೆ. ‘ಬಂದು ನನ್ನೊಡನೆ ಮಾತಾಡು’ ಎಂಬರ್ಥದ ಆ ಹಾಡು ಮಗಳನ್ನು ಕುರಿತದ್ದು. ಯಾವ ಕೂಸಿನ ಚಿಂತೆ ಮೇಳವನ್ನು ಬಿಡಿಸುವುದರಲ್ಲಿ ಪಾಲು ಪಡೆಯಿತೋ ಆ ಕೂಸೇ ಬೆಳೆದು ದೂರವಾದಾಗ ತಂದೆ ಪಟ್ಟ ಸಂಕಟವಿದು. ಮಕ್ಕಳಿರುವ ಯಾರಾದರೂ ಇದನ್ನು ಒಣಗಣ್ಣಿನಿಂದ ನೋಡಲಾರರು.

೧೯೮೮ರ ಸೆಪ್ಟೆಂಬರ್ ೩೦ರಂದು, ಮಾನವ ಹಕ್ಕುಗಳ ಘೋಷಣೆಯ ನಲವತ್ತನೆಯ ವರ್ಷದ ನಿಮಿತ್ತ ಹೊರಟ ಸಂಗೀತಯಾತ್ರೆಯೊಡನೆ ಗೇಬ್ರಿಯಲ್ ದಿಲ್ಲಿಗೂ ಬಂದಿದ್ದರು. ಆಗ ನಾನು ಕಾಲೇಜಿನಲ್ಲಿ ಪಂಪನನ್ನು ಓದುತ್ತಿದ್ದೆ. ಸುದ್ದಿಯೂ ಕಿವಿಗೆ ಬೀಳಲಿಲ್ಲ. ಆದರೆ ತಡವಾಯಿತೆಂಬ ವಿಷಾದವಿಲ್ಲ. ಅವರದೂ ನಿಧಾನದ ದಾರಿಯೇ. ೨೦೦೨ರಲ್ಲಿ ಸ್ವಂತ ಹಾಡುಗಳ ಮುದ್ರಿಕೆಯನ್ನು ತಂದವರು ಮುಂದಿನದಕ್ಕೆ ಇಪ್ಪತ್ತೊಂದು ವರ್ಷ ತೆಗೆದುಕೊಂಡರು. ೨೦೨೩ರಲ್ಲಿ ಹುಣ್ಣಿಮೆಗೊಂದರಂತೆ ಹಾಡನ್ನು ಹೊರಬಿಟ್ಟು, ಡಿಸೆಂಬರಿನಲ್ಲಿ ಹನ್ನೆರಡನ್ನೂ ‘ಐ/ಓ’ ಎಂಬ ಹೆಸರಿನಲ್ಲಿ ಕೂಡಿಸಿಕೊಟ್ಟರು.

ಹೊಸದಾಗಿ ಕೇಳುವವರು ‘ಸಾಲ್ಸ್‌ಬರಿ ಹಿಲ್’ ಹಾಡಿನಿಂದ ತೊಡಗಿ, ‘ಪ್ಯಾಷನ್’ ಕೇಳಿ, ಅನಂತರ ಮೂರನೆಯ ಮುದ್ರಿಕೆಗೆ ಬರಲಿ. ಕೊನೆಗೆ ‘ಬೀಕೋ’ ಹಾಡಿದ ಯಾವುದಾದರೂ ಕಚೇರಿಯನ್ನು ನೋಡಲಿ. ಮಾತು ಮುಗಿದು ಬರಿಯ ಆಲಾಪ ಉಳಿದಾಗ ಜನ ಅದನ್ನು ಎತ್ತಿಕೊಳ್ಳುತ್ತಾರೆ. ಗಾಯಕರು ಸದ್ದಿಲ್ಲದೆ ರಂಗದಿಂದ ಸರಿಯುತ್ತಾರೆ; ವಾದ್ಯಗಾರರೂ ಒಬ್ಬೊಬ್ಬರಾಗಿ ಹೋಗುತ್ತಾರೆ; ಹಾಡು ಜನರ ಬಾಯಲ್ಲಿ ನಡೆದೇ ಇರುತ್ತದೆ. ಮೇಷ್ಟ್ರು ಕೊಠಡಿಯಿಂದ ಹೊರಗೆ ಬಂದಮೇಲೂ ಮಕ್ಕಳು ಪದ್ಯವನ್ನು ಮುಂದುವರಿಸುತ್ತಿದ್ದರೆ ಜಗಲಿಯಲ್ಲಿ ನಿಂತು ಕೇಳುವ ಸುಖ ನನಗೆ ಗೊತ್ತು. ನರಿಯ ತಲೆ ಧರಿಸಿ ಹೊರಟವರು ಕೊನೆಗೆ ಮುಟ್ಟಿದ್ದು ಈ ಸುಖವನ್ನೇ ಎಂದು ನನ್ನ ಭಾವನೆ.