ಕೇದಾರದ ದಾರಿಯೂ ಮಳೆಗಾಲವೂ

ಮನೆಮಠಗಳ ಹಂಗಿಲ್ಲದ ಸಂನ್ಯಾಸಿಗಳಿಗೂ ನಮ್ಮ ಪೂರ್ವಿಕರು ಮಳೆಗಾಲದ ಸಂಚಾರವನ್ನು ನಿಷೇಧಿಸಿದ್ದರೆಂಬುದು ವಾಚಕರಿಗೆ ತಿಳಿದ ಸಂಗತಿಯೇ. ಚಾತುರ್ಮಾಸ್ಯದಲ್ಲಿ ಯತಿಗಳು ಒಂದೆಡೆ ನಿಲ್ಲತಕ್ಕದ್ದು. ಕ್ರಿಮಿಕೀಟಗಳ ಹಿಂಸೆಯಾಗದಿರಲೆಂಬುದು ಇದಕ್ಕೆ ಕಾರಣವೆಂದು ಪಂಡಿತರು ಹೇಳುವರು. ತುಂಬಿದ ಹೊಳೆಗಳ ಭಯವೂ ಅದರೊಳಗೆ ಅಡಗಿರಬೇಕೆಂದು ನಮಗೆ ತೋರುವುದು. ಹೀಗಿದ್ದರೂ ಮಕ್ಕಳುಮರಿಗಳೊಡನೆ ತೀರ್ಥಯಾತ್ರೆಗೆ ಹೊರಡುವ ಗೃಹಸ್ಥರಲ್ಲಿ ರೈಲಿನ ಟಿಕೀಟನ್ನು ನೋಡಿ ಹೊರಡುವವರೇ ಹೆಚ್ಚು, ಆಕಾಶವನ್ನು ನೋಡಿ ಹೊರಡುವವರು ವಿರಳ.

ಹಿಮಾಲಯದ ಕೇದಾರನಾಥನ ಬಾಗಿಲು ಅಕ್ಷಯತದಿಗೆಯ ಆಸುಪಾಸಿನಲ್ಲಿ ತೆರೆದು, ದೀಪಾವಳಿ ಕಳೆದು ಬರುವ ಯಮದ್ವಿತೀಯೆಯಂದು ಮುಚ್ಚುವುದು. ಅಲ್ಲಿಯ ರಾವಲರು ಪರಂಪರೆಯಿಂದ ಕರ್ಣಾಟಕದ ವೀರಶೈವ ಜಂಗಮರಾದುದರಿಂದ ಆ ಕ್ಷೇತ್ರದಲ್ಲಿ ಕನ್ನಡಿಗರಿಗೆ ವಿಶೇಷವಾದ ಅಭಿಮಾನ. ಜೂನ್ ತಿಂಗಳ ನಡುವಿನೊಳಗೆ ಹೋಗಿಬಂದರೆ ಮಳೆಯ ಕಾಟವಿಲ್ಲವೆಂಬುದು ಹಿಂದಿನಿಂದ ಬಂದ ಲೆಕ್ಕ. 2013ರಲ್ಲಿ ಆ ಲೆಕ್ಕ ನಡೆಯಲಿಲ್ಲ. ಜುಲೈ ಮಧ್ಯದ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸತಕ್ಕ ಮುಂಗಾರು ಆ ವರ್ಷ ಜೂನ್ 16ಕ್ಕೇ ವ್ಯಾಪಿಸಿತು.

ಅದೇ ದಿನ ಬೆಳಗ್ಗೆ ನಾವು ಏಳು ಮಂದಿ ಹರಿದ್ವಾರದಲ್ಲಿ ಇಳಿದೆವು. ಮಳೆ ಸುರಿಯುತ್ತಲೇ ಇತ್ತು. ಗೊತ್ತುಮಾಡಿದ್ದ ವಾಹನದ ಗಢವಾಲಿ ಚಾಲಕನು, ಮೇಲೆ ಗುಡ್ಡಗಳು ಜಾರುತ್ತಿವೆ, ಹೊರಟರೆ ನಡುದಾರಿಯಲ್ಲಿ ಸಿಕ್ಕಿಬೀಳುವಿರಿ ಎಂದನು. ತನ್ನ ಬಾಡಿಗೆಯನ್ನು ತಾನೇ ಬಿಟ್ಟುಕೊಡುವವನ ಮಾತನ್ನು ನಂಬಬಹುದೆಂದು ನಾವು ನಿಶ್ಚಯಿಸಿದೆವು. ಆದರೆ ನಮ್ಮೊಡನಿದ್ದ ಎಪ್ಪತ್ತನಾಲ್ಕು ವರ್ಷದ ಸೋದರತ್ತೆಯವರು ಒಪ್ಪಲಿಲ್ಲ. “ಇಷ್ಟು ದೂರ ಬಂದು ದೇವರಿಗೆ ಬೆನ್ನು ತೋರಿಸುವುದೇನೋ? ಮುಂದಿನ ವರ್ಷ ನಾನಿರುತ್ತೇನೆಂದು ಯಾರು ಬರೆದುಕೊಟ್ಟಿದ್ದಾರೆ?” ಎಂದರು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಮುಂಗಡ ಹಣ ಹೋದರೆ ಹೋಗಲೆಂದು ಸಂಜೆಯ ರೈಲಿನಲ್ಲಿ ಕಾಶಿಗೆ ಹೊರಟೆವು. ದಾರಿಯುದ್ದಕ್ಕೂ ಆಕೆ ನಮ್ಮೊಡನೆ ಮಾತನಾಡಲಿಲ್ಲ.

17ರ ಬೆಳಗ್ಗೆ, ಕೇದಾರದ ಮೇಲ್ಗಡೆ ಹಿಮನದಿಯು ತಂದೊಡ್ಡಿದ ಕಲ್ಲುಮಣ್ಣುಗಳೇ ಕಟ್ಟೆಯಾಗಿದ್ದ ಚೋರಾಬಾರಿ ಸರೋವರವು ಒಡೆಯಿತು. ಬಿಡದೆ ಸುರಿದ ಮಳೆಯೂ ಕರಗಿದ ಹಿಮವೂ ಸೇರಿ ಆ ಕಟ್ಟೆಗೆ ತಡೆಯಲಾಗದ ಭಾರವಾಗಿತ್ತು. ದೇವಾಲಯದ ಹಿಂದೆ ಉರುಳಿ ಬಂದು ನಿಂತ ಬಂಡೆಯೊಂದು ಪ್ರವಾಹವನ್ನು ಎರಡಾಗಿ ಸೀಳಿತು; ಗುಡಿ ಉಳಿಯಿತು. ಈಗ ಅದನ್ನು ಭೀಮಶಿಲೆಯೆನ್ನುವರು. ಯಾತ್ರಿಕರು ದಣಿವಾರಿಸಿಕೊಳ್ಳುತ್ತಿದ್ದ ರಾಮಬಾಡಾ ಎಂಬ ನಡುದಾರಿಯ ತಂಗುದಾಣ ಮಾತ್ರ ಹೆಸರಿಗೂ ಉಳಿಯಲಿಲ್ಲ. ಆ ನಾಡಿನಲ್ಲಿ ಸತ್ತವರೂ ಕಾಣೆಯಾದವರೂ ಸೇರಿ ಐದು ಸಾವಿರಕ್ಕೆ ಮೇಲ್ಪಟ್ಟರು. ಈ ವಾರ್ತೆಯನ್ನು ಕಾಶಿಯಲ್ಲಿ ಓದಿ ಹೇಳಿದಾಗ ಅತ್ತೆಯವರು ಎದ್ದು ಹೋಗಿ, ಹರಿದ್ವಾರದಲ್ಲಿ ನಾವು ಕಂಡಿದ್ದ ಇತರ ಯಾತ್ರಿಕರ ಹೆಸರಿನಲ್ಲಿ ಒಂದು ದೀಪ ಹಚ್ಚಿದರು.

ಬೆಟ್ಟದ ಯಾತ್ರೆಗೆ ಹೊರಡುವವರು ಹಿಂದೆ ಮುಂದೆ ಎರಡೆರಡು ದಿನಗಳನ್ನು ಖಾಲಿಯಾಗಿ ಇಟ್ಟುಕೊಳ್ಳುವುದು ಲೇಸು. ಹಿಂದಿರುಗೋಣವೆಂದು ಹೇಳುವ ಅಧಿಕಾರ ಯಾರದೆಂಬುದನ್ನು ಮನೆಯಲ್ಲಿಯೇ ಗೊತ್ತುಮಾಡಿಕೊಳ್ಳಬೇಕು. ನಡುದಾರಿಯಲ್ಲಿ ಆ ಚರ್ಚೆ ಜಗಳವಾಗುವುದು. ಕೆಳಗೆ ಬಿಸಿಲಿದೆಯೆಂದು ಹೊಳೆಯಂಚಿನಲ್ಲಿ ಬಿಡಾರ ಹೂಡುವುದು ಸಲ್ಲದು, ಏಕೆಂದರೆ ಮೇಲೆ ಬಿದ್ದ ಮಳೆ ಕೆಳಕ್ಕೆ ಮುಟ್ಟಲು ಹೊತ್ತು ಹಿಡಿಯುವುದು.

2016ರ ಸೆಪ್ಟೆಂಬರಿನಲ್ಲಿ ನಾವು ಕೇದಾರವನ್ನು ಕಂಡೆವು. ಅತ್ತೆಯವರು ಅದಕ್ಕೆ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಹದಿನಾಲ್ಕು ಕಿಲೋಮೀಟರಿದ್ದ ಹಳೆಯ ದಾರಿ ಹದಿನಾರಾಗಿ, ರಾಮಬಾಡಾದ ಬಳಿ ಮಂದಾಕಿನಿಯನ್ನು ದಾಟಿ ಆಚೆಯ ದಡ ಹಿಡಿಯುತ್ತದೆ. ಆ ಹೊಸ ದಾರಿಯೂ 2024ರ ಜುಲೈ 31ರ ರಾತ್ರಿ ಮಳೆಗೆ ಕುಸಿದು, ಸಾವಿರಾರು ಯಾತ್ರಿಕರನ್ನು ಕೆಳಗಿಳಿಸಬೇಕಾಯಿತು. ಇಷ್ಟಾದರೂ ಜುಲೈನಲ್ಲಿ ಜನಸಂದಣಿ ಕಡಮೆಯಲ್ಲವೇ, ಹೋಗಿಬರಬಹುದೇ ಎಂದು ಕೇಳಿಕೊಂಡು ಬಂಧುಗಳು ನಮ್ಮ ಮನೆಗೆ ಬರುತ್ತಲೇ ಇದ್ದಾರೆ.