ನೋಟಿಸ್ ಬಂದಿದೆ, ಆದರೆ ಓದಲಾಗುತ್ತಿಲ್ಲ! ಎಲ್ಲರಿಗೂ ಅರ್ಥವಾಗುವ ಕನ್ನಡ ದಾಖಲೆ ಸಿದ್ಧಪಡಿಸುವುದು ಹೇಗೆ?

ಹೈಕೋರ್ಟ್ ಬರೆದ ತೀರ್ಪು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಿಗೇ ಅರ್ಥವಾಗದಿದ್ದರೆ? ಇದು ನಿಜವಾಗಿ ನಡೆದ ಸಂಗತಿ. ಬ್ಯಾಂಕ್ ನೌಕರರೊಬ್ಬರ ಶಿಸ್ತುಕ್ರಮಕ್ಕೆ ಸಂಬಂಧಿಸಿ ಹಿಮಾಚಲ ಪ್ರದೇಶ ಹೈಕೋರ್ಟ್ ನೀಡಿದ್ದ ತೀರ್ಪಿನ ಭಾಷೆ ಬಿಡಿಸಲಾಗದ ಕಗ್ಗಂಟಾಗಿತ್ತು. 2022ರ ಆಗಸ್ಟ್ 16ರಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ಕೊಡಗಿನವರಾದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಅವರ ಪೀಠ ಆ ತೀರ್ಪನ್ನು ರದ್ದುಪಡಿಸಿ, ಪ್ರಕರಣವನ್ನು ಮತ್ತೆ ಹೈಕೋರ್ಟ್‌ಗೇ ಕಳುಹಿಸಿತು. ಬರವಣಿಗೆ ಸ್ಪಷ್ಟವಾಗಿಲ್ಲದ ಕಾರಣಕ್ಕೆ ವ್ಯಾಜ್ಯ ಇನ್ನಷ್ಟು ಉದ್ದವಾಯಿತು.

ಆ ಆದೇಶದಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತ್ತು. ಮೊದಲನೆಯದು, ತೀರ್ಪು ಕಾನೂನು ಓದದವರಿಗೂ ತಿಳಿಯುವಂತಿರಬೇಕು. ಎರಡನೆಯದು ಅಷ್ಟಾಗಿ ಸುದ್ದಿಯಾಗಲಿಲ್ಲ: ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿದ ಪ್ರತಿಗಳು ಮತ್ತು ಅಡ್ಡಾದಿಡ್ಡಿ ವಾಟರ್‌ಮಾರ್ಕ್ ಇರುವ ಪುಟಗಳು ದೃಷ್ಟಿದೋಷ ಇರುವವರಿಗೆ ದಕ್ಕುವುದಿಲ್ಲ, ಅವನ್ನು ಬಿಡಬೇಕು ಎಂಬುದು.

ಅಂದರೆ ಪದಗಳು ಸುಲಭವಾಗಿದ್ದರೆ ಮಾತ್ರ ಸಾಲದು. ಫೈಲ್ ಕೂಡ ಓದುಗರಿಗೆ ತೆರೆದುಕೊಳ್ಳಬೇಕು. ಕನ್ನಡದ ಮಟ್ಟಿಗೆ ಈ ಎರಡನೆಯ ತೊಂದರೆಯೇ ಹೆಚ್ಚು ಜನರನ್ನು ಕಾಡುತ್ತಿದೆ.

ಹೊರನಾಡ ಕನ್ನಡಿಗರಿಗೆ ಇದೇಕೆ ಮುಖ್ಯ?

2011ರ ಜನಗಣತಿ ಪ್ರಕಾರ ಕನ್ನಡ ಮಾತೃಭಾಷೆಯವರು ಸುಮಾರು 4.37 ಕೋಟಿ. ಇವರಲ್ಲಿ ಸುಮಾರು 30 ಲಕ್ಷ ಮಂದಿ ಕರ್ನಾಟಕದ ಹೊರಗಿದ್ದಾರೆ, ಮಹಾರಾಷ್ಟ್ರ ಒಂದರಲ್ಲೇ ಸುಮಾರು 10 ಲಕ್ಷ. ಊರಿನ ಜಮೀನು, ಮನೆ, ಸಹಕಾರ ಸಂಘದ ಸಾಲಕ್ಕೆ ಸಂಬಂಧಿಸಿದ ಕಾಗದಗಳು ಇವರಲ್ಲಿ ಅನೇಕರಿಗೆ ಈಗ ವಾಟ್ಸ್‌ಆ್ಯಪ್‌ನಲ್ಲೇ ಬರುತ್ತವೆ.

ಮುಂಬೈ, ಪುಣೆಯಲ್ಲಿ ಹುಟ್ಟಿ ಬೆಳೆದ ಎಷ್ಟೋ ಮಕ್ಕಳು ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ, ಆದರೆ ಓದುವುದು ನಿಧಾನ. ಅವರು ಕಾಗದವನ್ನು ಅನುವಾದದ ಆ್ಯಪ್‌ಗೆ ಹಾಕುತ್ತಾರೆ ಅಥವಾ ಮೊಬೈಲ್‌ನಿಂದಲೇ ಓದಿಸಿಕೊಳ್ಳುತ್ತಾರೆ. ದೃಷ್ಟಿದೋಷ ಇರುವವರು ಬಳಸುವುದೂ ಇಂಥದ್ದೇ ತಂತ್ರಾಂಶ: ಕಂಪ್ಯೂಟರ್‌ನಲ್ಲಿ ಉಚಿತವಾಗಿ ಸಿಗುವ ಎನ್‌ವಿಡಿಎ, ಆಂಡ್ರಾಯ್ಡ್ ಫೋನ್‌ನಲ್ಲಿ ಟಾಕ್‌ಬ್ಯಾಕ್. ದೇಶದಲ್ಲಿ ದೃಷ್ಟಿದೋಷ ಇರುವವರ ಸಂಖ್ಯೆ 2011ರಲ್ಲೇ 50 ಲಕ್ಷ ದಾಟಿತ್ತು. ದಾಖಲೆಯೊಳಗೆ ನಿಜವಾದ ಕನ್ನಡ ಅಕ್ಷರಗಳಿದ್ದರೆ ಈ ಇಬ್ಬರಿಗೂ ಅನುಕೂಲ. ಇಲ್ಲದಿದ್ದರೆ ಇಬ್ಬರಿಗೂ ತೊಂದರೆ.

ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ

ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಸಾಲೊಂದನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿ ನೋಡಿ. ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು ಬರುತ್ತವೆ. ಕಾರಣ ಇಷ್ಟೇ: ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡ ಅಕ್ಷರದ ಆಕಾರವನ್ನು ಕೂರಿಸುತ್ತಿದ್ದವು. ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರ್ ಪಾಲಿಗೆ ಅದು ಕನ್ನಡವಲ್ಲ. ಓದಿ ಹೇಳುವ ತಂತ್ರಾಂಶ ತಡಬಡಾಯಿಸುತ್ತದೆ, ಅನುವಾದ ನಡೆಯುವುದಿಲ್ಲ, ಹುಡುಕಿದರೆ ನಿಮ್ಮ ಹೆಸರೂ ಸಿಗುವುದಿಲ್ಲ.

ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತವಿದೆ. 1991ರಲ್ಲಿ ಬಂದ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅಲ್ಲಿ ಜಾಗವಿದೆ. ನುಡಿ, ಬರಹದ ಈಗಿನ ಆವೃತ್ತಿಗಳಲ್ಲೂ ಯೂನಿಕೋಡ್ ಆಯ್ಕೆ ಇದೆ. ಹಾಗಿದ್ದರೂ ಹಳೆಯ ಫಾಂಟ್‌ನ ಅಭ್ಯಾಸ ಪೂರ್ತಿ ಹೋಗಿಲ್ಲ.

ಸ್ಕ್ಯಾನ್ ಪ್ರತಿಯ ಕಥೆ ಇನ್ನೂ ಕಷ್ಟ. ಅದು ಬರೀ ಚಿತ್ರ, ಅದರಲ್ಲಿ ಅಕ್ಷರಗಳೇ ಇರುವುದಿಲ್ಲ.

ವಾಕ್ಯ ಎಲ್ಲಿ ತಪ್ಪುತ್ತದೆ? ಒಂದು ಮಾದರಿ

ಫೈಲ್ ತೆರೆಯಿತು ಎಂದುಕೊಳ್ಳಿ. ಒಳಗಿನ ವಾಕ್ಯ ಹೀಗಿದ್ದರೆ? ಕಚೇರಿ ಭಾಷೆಯ ಶೈಲಿಯಲ್ಲಿ ಬರೆದ ಮಾದರಿ ಇದು:

"ಸದರಿ ಜಮೀನಿಗೆ ಸಂಬಂಧಿಸಿದಂತೆ ಪೌತಿ ಖಾತೆ ಬದಲಾವಣೆ ಕೋರಿ ಸಲ್ಲಿಸಲಾಗಿರುವ ಅರ್ಜಿಯ ಕುರಿತು ಆಕ್ಷೇಪಣೆಗಳೇನಾದರೂ ಇದ್ದಲ್ಲಿ ಈ ಪ್ರಕಟಣೆಯ ದಿನಾಂಕದಿಂದ 30 ದಿನಗಳೊಳಗಾಗಿ ಸೂಕ್ತ ದಾಖಲೆಗಳೊಂದಿಗೆ ಲಿಖಿತ ರೂಪದಲ್ಲಿ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ಯಾವುದೇ ಆಕ್ಷೇಪಣೆ ಇಲ್ಲವೆಂದು ಪರಿಗಣಿಸಿ ಮುಂದಿನ ಕ್ರಮ ಜರುಗಿಸಲಾಗುವುದು."

ಅದೇ ವಿಷಯವನ್ನು ಹೀಗೂ ಹೇಳಬಹುದು:

"ಈ ಜಮೀನಿನ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಲು, ಅರ್ಜಿ ಬಂದಿದೆ. ಇದಕ್ಕೆ ನಿಮ್ಮ ಆಕ್ಷೇಪಣೆ ಇದ್ದರೆ ಜೂನ್ 30ರೊಳಗೆ ಬರೆದು ಕೊಡಿ. ಆಧಾರದ ದಾಖಲೆಗಳನ್ನೂ ಲಗತ್ತಿಸಿ. ಆ ದಿನದೊಳಗೆ ಆಕ್ಷೇಪಣೆ ಬಾರದಿದ್ದರೆ ಖಾತೆ ಬದಲಾಯಿಸುವ ಕೆಲಸ ಮುಂದುವರಿಯುತ್ತದೆ."

ಬದಲಾದದ್ದು ಏನು? ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ವಾಕ್ಯ ಉದ್ದವಾದಷ್ಟೂ ಓದುಗ ಎಲ್ಲವನ್ನೂ ತಲೆಯಲ್ಲಿ ಹೊತ್ತುಕೊಂಡು ಕೊನೆಯ ಪದಕ್ಕಾಗಿ ಕಾಯಬೇಕು. ಒಂದು ವಾಕ್ಯವನ್ನು ನಾಲ್ಕು ಮಾಡಿದ್ದರಿಂದ ಆ ಹೊರೆ ಇಳಿಯಿತು. "ಸಲ್ಲಿಸತಕ್ಕದ್ದು" ಎಂದಾಗ ಯಾರು ಎಂಬುದು ಅಡಗಿತ್ತು, "ನಿಮ್ಮ ಆಕ್ಷೇಪಣೆ", "ಕೊಡಿ" ಎಂದಾಗ ಅದು ಓದುಗರ ಕೆಲಸ ಎಂದು ಗೊತ್ತಾಯಿತು. ದಿನ ಲೆಕ್ಕ ಹಾಕುವ ಬದಲು ತಾರೀಕು ಸಿಕ್ಕಿತು.

"ಪೌತಿ ಖಾತೆ" ಎಂಬ ಪದವನ್ನು ಮಾತ್ರ ತೆಗೆದಿಲ್ಲ, ಅದರ ಅರ್ಥವನ್ನು ಪಕ್ಕದಲ್ಲೇ ಕೊಡಲಾಗಿದೆ. ನಾಳೆ ತಾಲೂಕು ಕಚೇರಿಗೆ ಹೋದರೆ ಕೇಳುವುದು ಆ ಪದವನ್ನೇ. ಬೇಕಾದ ಪದವನ್ನು ಉಳಿಸಿಕೊಂಡು ವಿವರಿಸುವುದೇ ಒಳ್ಳೆಯ ಸರಳೀಕರಣ.

ದಾಖಲೆ ಸಿದ್ಧಪಡಿಸುವವರು ಗಮನಿಸಿ

ಕಚೇರಿ, ಕನ್ನಡ ಸಂಘ, ಹೌಸಿಂಗ್ ಸೊಸೈಟಿ, ಶಾಲೆ ಯಾವುದೇ ಇರಲಿ, ಈ ಕೆಲಸಗಳಿಗೆ ಹಣ ಬೇಕಿಲ್ಲ:

1. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ವರ್ಡ್ ಫೈಲ್‌ನಿಂದ ನೇರವಾಗಿ ಪಿಡಿಎಫ್ ಮಾಡಿ. ಸಹಿ, ಮೊಹರು ಇರುವ ಸ್ಕ್ಯಾನ್ ಪ್ರತಿ ಕಳುಹಿಸಲೇಬೇಕಾದರೆ ಪಠ್ಯದ ಪ್ರತಿಯನ್ನೂ ಜೊತೆಗೆ ಕಳುಹಿಸಿ.

2. ಕಳುಹಿಸುವ ಮೊದಲು ಒಂದು ಸಾಲು ಕಾಪಿ ಮಾಡಿ ಬೇರೆಡೆ ಹಾಕಿ ನೋಡಿ. ಯೂನಿಕೋಡ್ ಬಳಸಿದ ಪಿಡಿಎಫ್‌ನಲ್ಲೂ ಕೆಲವೊಮ್ಮೆ ಒತ್ತಕ್ಷರಗಳು ಹಿಂದುಮುಂದಾಗುತ್ತವೆ. ಹಾಗಾದರೆ ವರ್ಡ್ ಫೈಲನ್ನೇ ಕಳುಹಿಸಿ ಅಥವಾ ಮೆಸೇಜ್‌ನಲ್ಲೇ ಬರೆಯಿರಿ.

3. ಶೀರ್ಷಿಕೆಗೆ ಅಕ್ಷರ ದಪ್ಪ ಮಾಡಿ ಬಿಡಬೇಡಿ. ವರ್ಡ್‌ನ ಹೆಡಿಂಗ್ ಸ್ಟೈಲ್ ಬಳಸಿ. ಕೇಳಿಸಿಕೊಂಡು ಓದುವವರು ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರಲು ಇದೇ ದಾರಿ.

4. ಸಾಲುಗಳ ನಡುವೆ ಜಾಗ ಬಿಡಿ. ಕನ್ನಡದ ಒತ್ತುಗಳು ಕೆಳಗೆ ಇಳಿಯುವುದರಿಂದ ಸಾಲು ಇಕ್ಕಟ್ಟಾದರೆ ಮುಂದಿನ ಸಾಲಿಗೆ ತಾಗುತ್ತವೆ. ಅಕ್ಷರ ತೀರಾ ಚಿಕ್ಕದಾದರೆ ಹಿರಿಯರಿಗೆ ಒತ್ತು ಕಾಣುವುದೇ ಇಲ್ಲ.

5. ಪೋಸ್ಟರ್ ಕಳುಹಿಸಿದರೆ ಸಭೆಯ ದಿನ, ಸಮಯ, ಸ್ಥಳವನ್ನು ಕೆಳಗೆ ಟೈಪ್ ಮಾಡಿ. "ಕೆಂಪು ಬಣ್ಣದಲ್ಲಿರುವುದು ಕಡ್ಡಾಯ" ಎಂದು ಬರೆಯಬೇಡಿ, "ಕಡ್ಡಾಯ" ಎಂದೇ ಬರೆಯಿರಿ.

6. ಏನು ಮಾಡಬೇಕು, ಯಾವಾಗ, ಎಲ್ಲಿ ಎಂಬುದನ್ನು ಮೊದಲ ಮೂರು ಸಾಲಿನಲ್ಲೇ ಹೇಳಿ. ಬಳಿಕ ವಿಷಯ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಟ್ಟು, "ಈಗ ಏನು ಮಾಡುತ್ತೀರಿ?" ಎಂದು ಕೇಳಿ. ಉತ್ತರ ತಪ್ಪಿದರೆ ತಿದ್ದಬೇಕಾದದ್ದು ದಾಖಲೆಯನ್ನು.

ಕಾನೂನು ಏನು ಹೇಳುತ್ತದೆ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ, ಮುದ್ರಣ, ಧ್ವನಿ ಹಾಗೂ ಎಲೆಕ್ಟ್ರಾನಿಕ್ ರೂಪದ ಮಾಹಿತಿ ಅಂಗವೈಕಲ್ಯ ಇರುವವರಿಗೂ ದಕ್ಕುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು.

ಸಾಲ ಪಡೆಯುವವರಿಗೂ ಒಂದು ನಿಯಮ ನೆರವಾಗುತ್ತದೆ. ಆರ್‌ಬಿಐ ಸೂಚನೆಯಂತೆ 2024ರ ಅಕ್ಟೋಬರ್ 1ರಿಂದ ಹೊಸ ರಿಟೇಲ್ ಸಾಲಗಳಿಗೆ ಮತ್ತು ಸಣ್ಣ ಉದ್ಯಮಗಳ ಅವಧಿ ಸಾಲಗಳಿಗೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಕೊಡಬೇಕು. ಶುಲ್ಕಗಳೂ ಸೇರಿದ ಒಟ್ಟು ವಾರ್ಷಿಕ ದರ ಅದರಲ್ಲಿರಬೇಕು, ಅದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಚೆನ್ನೈ, ಹೈದರಾಬಾದ್‌ನಲ್ಲಿರುವ ನಿಮ್ಮ ತಂದೆ-ತಾಯಿಗೆ ಕನ್ನಡ ಮಾತ್ರ ಓದಲು ಬಂದರೆ, ಸಹಿಗೆ ಮೊದಲು ಕನ್ನಡದಲ್ಲಿ ಕೊಡಿ ಎಂದು ಕೇಳಲು ಇದೇ ಆಧಾರ.

ನಿಮ್ಮ ಕೈಗೆ ಬಂದ ಕಾಗದ ಓದಲಾಗದಿದ್ದರೆ?

ಸ್ಕ್ಯಾನ್ ಪ್ರತಿಯ ಕನ್ನಡವನ್ನು ಗೂಗಲ್ ಲೆನ್ಸ್ ಮಟ್ಟಿಗೆ ಗುರುತಿಸುತ್ತದೆ. ಆದರೆ ಒತ್ತಕ್ಷರ, ಸರ್ವೆ ನಂಬರ್, ಮೊತ್ತ ತಪ್ಪುವ ಸಾಧ್ಯತೆ ಇರುವುದರಿಂದ ಅವನ್ನು ಮೂಲ ಪ್ರತಿಯೊಂದಿಗೆ ಹೋಲಿಸಿ ನೋಡಿ. ಕಳುಹಿಸಿದವರಿಂದ ಪಠ್ಯದ ಪ್ರತಿ ಕೇಳಿ. ಮಿಕ್ಕಿದ್ದು ಅರ್ಥವಾಗುವ ಮೊದಲೇ ಹುಡುಕಬೇಕಾದದ್ದು ಒಂದು: ಕೊನೆಯ ದಿನಾಂಕ. ಆಕ್ಷೇಪಣೆಯ ಗಡುವು ಮುಗಿದ ಮೇಲೆ ನೋಟಿಸ್ ಅರ್ಥವಾದರೂ ದಾರಿ ಕಷ್ಟವಾಗುತ್ತದೆ.