ಗಾಯಕರ ಮುಖ ಹೊಲಿಗೆಗೆ ಸಿಗದಿರಲಿ

ಹೊಸ ಅಗ್ರಹಾರ, ಸಾಲಿಗ್ರಾಮದ ಕಡೆಯವರಿಗೆ ರುದ್ರಪಟ್ಟಣ ದೂರದ ಊರೇನಲ್ಲ. ಕಾವೇರಿ ದಡದ ಆ ಸಂಗೀತಗ್ರಾಮದಲ್ಲಿ 1920ರಲ್ಲಿ ಹುಟ್ಟಿದ ಗಾಯಕ ಆರ್.ಕೆ. ಶ್ರೀಕಂಠನ್ ಅವರ ಬಗ್ಗೆ ಸ್ಮರಣ ಸಂಚಿಕೆಗೆ ಎದುರುಬದುರು ಎರಡು ಪುಟದ ಲೇಖನ ಮಾಡಬೇಕು ಎಂದುಕೊಳ್ಳಿ. ಡಿಟಿಪಿಗೆ ಕೂರುವ ಮೊದಲೇ ದೊಡ್ಡ ಫೋಟೊ ಯಾವುದೆಂದು ತೀರ್ಮಾನವಾಗಬೇಕು. ಉಳಿದದ್ದೆಲ್ಲ ಅದರ ಸುತ್ತ ಕೂರುತ್ತದೆ.

ಎಡಕ್ಕೆ ಸಮಸಂಖ್ಯೆಯ ಪುಟ, ಬಲಕ್ಕೆ ಬೆಸ, ನಡುವೆ ಹೊಲಿಗೆ. ಫೋಟೊ ಎರಡೂ ಪುಟಕ್ಕೆ ಹರಡುವುದಾದರೆ ಹೊಲಿಗೆಯ ಜಾಗಕ್ಕೆ ತಂಬೂರಿಯ ದಂಡಿಯೋ ಹಿಂದಿನ ಪರದೆಯೋ ಬರಲಿ. ಮುಖವೋ ಮೃದಂಗದ ಮೇಲಿನ ಕೈಯೋ ಬಂದರೆ ಮಡಿಕೆಯೊಳಗೆ ಮುಳುಗಿಹೋಗುತ್ತದೆ. ಪಿನ್ ಹೊಡೆದ ಸಂಚಿಕೆಯಲ್ಲಿ ನಟ್ಟನಡುವಿನ ಎರಡು ಪುಟಗಳಷ್ಟೇ ಒಂದೇ ಹಾಳೆಯ ಒಂದೇ ಮಗ್ಗುಲಲ್ಲಿ ಅಚ್ಚಾಗುತ್ತವೆ. ಬೇರೆ ಕಡೆ ಚಿತ್ರದ ಎರಡು ಅರ್ಧಗಳು ಕೂದಲೆಳೆಯಷ್ಟು ಮೇಲೆ ಕೆಳಗಾಗಬಹುದು. ಹಾಗಾಗಿ ಹರಡುಚಿತ್ರಕ್ಕೆ ನಡುಪುಟವೇ ಕ್ಷೇಮ.

ಗಾಯಕರ ನೋಟ ಪುಟದ ಒಳಮುಖವಾಗಿರಬೇಕು ಎಂಬುದು ರೂಢಿ. ಹೊರಗೆ ನೋಡುತ್ತಿದ್ದರೆ ಕೆಲವರು ಫೋಟೊವನ್ನು ಎಡಬಲ ತಿರುಗಿಸಿಬಿಡುತ್ತಾರೆ. ಸಂಗೀತದ ಪುಟದಲ್ಲಿ ಇದು ಶುದ್ಧ ಅಪಚಾರ. ಪಿಟೀಲಿನ ಕಮಾನು ಎಡಗೈಗೆ ಹೋಗುತ್ತದೆ, ಮೃದಂಗದ ಕರಣೆ ಹಚ್ಚಿದ ಮುಖ ವಾದಕರ ಎಡಕ್ಕೆ ಬರುತ್ತದೆ, ಹಿಂದಿನ ಬ್ಯಾನರಿನ ಅಕ್ಷರವೂ ತಿರುಗುಮುರುಗು. ಕಛೇರಿ ಕೇಳುವವರು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಫೋಟೊವನ್ನು ಎದುರಿನ ಪುಟಕ್ಕೆ ಸಾಗಿಸಿದರೆ ಸಾಕಲ್ಲ!

ಶೀರ್ಷಿಕೆ, ಅದರಡಿ ಎರಡು ಮೂರು ಸಾಲಿನ ಇಂಟ್ರೊ, ಆಮೇಲೆ ಲೇಖಕರ ಹೆಸರು. ಮೊದಲ ಅಕ್ಷರವನ್ನು ಮೂರು ಸಾಲಿನೆತ್ತರ ಹಿಗ್ಗಿಸುವ ಅಲಂಕಾರ ಇಂಗ್ಲಿಷಿಗೆ ಸಲೀಸು. ಕನ್ನಡದಲ್ಲಿ ಪ್ಯಾರಾ ‘ಶ್ರೀ’ಯಿಂದ ಶುರುವಾದರೆ ಒತ್ತು ನಾಲ್ಕನೆಯ ಸಾಲಿನ ನೆತ್ತಿಯ ಮೇಲೆ ಕೂರುತ್ತದೆ, ಶ್ರೀಕಂಠನ್ ಲೇಖನದಲ್ಲಿ ಆಗುವುದೂ ಅದೇ. ವಾಕ್ಯ ಬದಲಿಸಿ, ಇಲ್ಲವೇ ಅಲಂಕಾರ ಕೈಬಿಡಿ. ಒತ್ತಕ್ಷರಗಳ ದೆಸೆಯಿಂದ ಸಾಲುಗಳ ನಡುವೆಯೂ ಧಾರಾಳ ಜಾಗ ಬೇಕು. 11 ಪಾಯಿಂಟ್ ಅಕ್ಷರಕ್ಕೆ 15 ಪಾಯಿಂಟಿನ ಸಾಲು ನನ್ನ ಕಣ್ಣಿಗೆ ಹಿತ. ಎ4 ಪುಟಕ್ಕೆ ಎರಡೇ ಕಾಲಂ ಸಾಕು. ಮೂರು ಮಾಡಿದರೆ ನಮ್ಮ ಉದ್ದುದ್ದ ಪದಗಳು ಸಾಲಿಗೆ ಒಂದೋ ಎರಡೋ ಕೂತು ನಡುವೆ ಕಂದರ ಬೀಳುತ್ತದೆ.

1995ರ ಸಂಗೀತ ಕಲಾನಿಧಿ, 2011ರ ಪದ್ಮಭೂಷಣ, ಇವೆಲ್ಲ ಬಾಕ್ಸಿಗೆ ಹೋಗಲಿ. ಲೇಖನದ ಓಟಕ್ಕೆ ಅಡ್ಡ ಬರುವುದಿಲ್ಲ.

ಹಳೆಯ ಫೋಟೊ ತರಿಸುವಾಗ ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಅಚ್ಚಿನ ಅಳತೆಯಲ್ಲಿ 300 ಡಿಪಿಐ ಇರಬೇಕು. ಚಿತ್ರದ ಅಡಿಬರಹದಲ್ಲಿ ಪಕ್ಕವಾದ್ಯದವರ ಹೆಸರು ಎಡದಿಂದ ಬಲಕ್ಕೆ ಪೂರ್ತಿ ಬರಲಿ, ‘ಮತ್ತಿತರರು’ ಬೇಡ.